ಅಪ್‌ಗ್ರೇಡ್ ಆದಮೇಲೆ ವೈಫೈ ಹೋಯ್ತಾ? ಮದರ್‌ಬೋರ್ಡ್‌ಗೆ ದುಡ್ಡು ಕೊಡುವ ಮೊದಲು ಇದನ್ನು ಓದಿ

ನವೆಂಬರ್‌ನಲ್ಲಿ ಊರಿಗೆ ಹೋಗಿದ್ದೆ. ಸಕಲೇಶಪುರದಿಂದ ಹಾನುಬಾಳು ಕಡೆಗೆ ಹೋಗುವ ದಾರಿಯಲ್ಲಿ ಚಿಕ್ಕಪ್ಪನ ಮನೆ. ಕಾಫಿ ಹಣ್ಣಾಗುವ ಹೊತ್ತು, ಮನೆಯಲ್ಲಿ ಯಾರಿಗೂ ಪುರುಸೊತ್ತಿಲ್ಲ. ಡಿಗ್ರಿ ಓದುತ್ತಿರುವ ತಂಗಿ ಮಾತ್ರ ಮೂಲೆಯಲ್ಲಿ ಲ್ಯಾಪ್‌ಟಾಪ್ ಮುಚ್ಚಿಟ್ಟುಕೊಂಡು ಸಪ್ಪೆ ಮುಖ ಹಾಕಿಕೊಂಡಿದ್ದಳು. ಹದಿನೈದು ದಿನದ ಹಿಂದೆ ಹೊಸ ಆಪರೇಟಿಂಗ್ ಸಿಸ್ಟಮ್‌ಗೆ ಅಪ್‌ಗ್ರೇಡ್ ಮಾಡಿದ್ದಳಂತೆ. ಮರುದಿನದಿಂದ ವೈಫೈ ಇಲ್ಲ, ಟಚ್‌ಪ್ಯಾಡ್ ಇಲ್ಲ. ಪೇಟೆಯ ಒಂದು ಅಂಗಡಿಯಲ್ಲಿ ತೋರಿಸಿದರೆ, "ಮದರ್‌ಬೋರ್ಡ್ ಹೋಗಿದೆ, ಒಂಬತ್ತು ಸಾವಿರ ಆಗುತ್ತೆ" ಅಂದರಂತೆ. ಚಿಕ್ಕಪ್ಪ, "ಕಾಫಿ ಮಾರಿದ ಮೇಲೆ ನೋಡೋಣ" ಅಂದಿದ್ದರು.

ನಾನು ಎಂಜಿನಿಯರಿಂಗ್ ಓದಿ ಪತ್ರಿಕೋದ್ಯಮಕ್ಕೆ ಬಂದವನು. ಓದಿದ್ದರಲ್ಲಿ ಅರ್ಧ ಮರೆತಿದ್ದೇನೆ. ಆದರೆ ಒಂದು ಪಾಠ ಮರೆತಿಲ್ಲ: ಎರಡು ಭಾಗಗಳು ಒಂದೇ ದಿನ ಒಟ್ಟಿಗೆ ಸತ್ತರೆ, ಅವು ಸತ್ತಿರುವ ಸಾಧ್ಯತೆ ಕಡಿಮೆ. ಅವೆರಡರ ನಡುವೆ ಇರುವ ಯಾವುದೋ ಒಂದು ಕೈಕೊಟ್ಟಿರುತ್ತದೆ. ಆ ಲ್ಯಾಪ್‌ಟಾಪ್ ನಲವತ್ತು ನಿಮಿಷದಲ್ಲಿ ಸರಿಯಾಯಿತು. ಖರ್ಚಾಗಿದ್ದು ನನ್ನ ಫೋನಿನ ಒಂದಿಷ್ಟು ಡೇಟಾ, ಅಷ್ಟೆ.

ಈ ಲೇಖನ ಆ ನಲವತ್ತು ನಿಮಿಷದ ವಿವರ. ಉಳಿಸಿಟ್ಟುಕೊಳ್ಳಿ, ಬೇಕಾದಾಗ ತೆಗೆದು ನೋಡಿ.

ಈಗಲೇ ಯಾಕೆ ಎಲ್ಲರಿಗೂ ಈ ಪಾಡು?

ಮೈಕ್ರೋಸಾಫ್ಟ್ 2025ರ ಅಕ್ಟೋಬರ್ 14ರಂದು ವಿಂಡೋಸ್ 10ಕ್ಕೆ ಕೊಡುತ್ತಿದ್ದ ಉಚಿತ ಬೆಂಬಲವನ್ನು ನಿಲ್ಲಿಸಿತು. ಕಂಪ್ಯೂಟರ್ ಆವತ್ತೇನೂ ನಿಂತುಹೋಗಲಿಲ್ಲ. ಆದರೆ ಸುರಕ್ಷತೆಯ ತೇಪೆಗಳು ಬರೋದು ನಿಂತವು. ಹಾಗಾಗಿ ವರ್ಷಗಟ್ಟಲೆ "ಆಮೇಲೆ ನೆನಪಿಸು" ಒತ್ತುತ್ತಿದ್ದವರೆಲ್ಲ ಒಟ್ಟಿಗೇ ವಿಂಡೋಸ್ 11ಕ್ಕೆ ಹಾರಿದರು.

2021ರ ಅಕ್ಟೋಬರ್ 5ರಂದು ಬಿಡುಗಡೆಯಾದ ವಿಂಡೋಸ್ 11 ಕೇಳುವುದು ಇಷ್ಟು: 4 ಜಿಬಿ ರ‍್ಯಾಮ್, 64 ಜಿಬಿ ಜಾಗ, ಯುಇಎಫ್‌ಐ ಸೆಕ್ಯೂರ್ ಬೂಟ್, ಟಿಪಿಎಂ 2.0 ಎಂಬ ಭದ್ರತಾ ಚಿಪ್, ಮತ್ತು ಪಟ್ಟಿಯಲ್ಲಿರುವ ಪ್ರೊಸೆಸರ್. ಇಂಟೆಲ್‌ನಲ್ಲಿ ಸ್ಥೂಲವಾಗಿ 8ನೇ ಪೀಳಿಗೆ ಮತ್ತು ನಂತರದ್ದು, ಎಎಂಡಿಯಲ್ಲಿ ರೈಜನ್ 2000 ಸರಣಿ ಮತ್ತು ನಂತರದ್ದು. ಅಂದರೆ 2016ರಲ್ಲಿ ಕೊಂಡ, ಇವತ್ತಿಗೂ ಚೆನ್ನಾಗಿ ಓಡುವ ಕಂಪ್ಯೂಟರ್ ಅಧಿಕೃತವಾಗಿ ಅನರ್ಹ. ಕ್ಯಾನಲಿಸ್ ಸಂಸ್ಥೆ 2023ರ ಡಿಸೆಂಬರ್‌ನಲ್ಲಿ ಹಾಕಿದ ಅಂದಾಜಿನ ಪ್ರಕಾರ, ಈ ಒಂದು ತೀರ್ಮಾನದಿಂದ ಜಗತ್ತಿನಾದ್ಯಂತ 24 ಕೋಟಿ ಕಂಪ್ಯೂಟರ್‌ಗಳು ಕಸವಾಗಬಹುದು.

ಅರ್ಹತೆ ಇದ್ದವರಿಗೆ ಇನ್ನೊಂದು ಕಥೆ. ಅದು ಡ್ರೈವರ್ ಕಥೆ.

ಡ್ರೈವರ್ ಅಂದ್ರೆ ದುಭಾಷಿ

ವೈಫೈ ಚಿಪ್‌ಗೆ ವಿಂಡೋಸ್ ಭಾಷೆ ಗೊತ್ತಿಲ್ಲ. ವಿಂಡೋಸ್‌ಗೆ ಆ ಚಿಪ್‌ನ ಭಾಷೆ ಗೊತ್ತಿಲ್ಲ. ನಡುವೆ ನಿಂತು ಮಾತು ದಾಟಿಸುವ ಸಣ್ಣ ಸಾಫ್ಟ್‌ವೇರೇ ಡ್ರೈವರ್. ಆಪರೇಟಿಂಗ್ ಸಿಸ್ಟಮ್ ಬದಲಾದಾಗ ಹಳೆಯ ದುಭಾಷಿಗೆ ಹೊಸ ಯಜಮಾನನ ಮಾತು ಅರ್ಥವಾಗದೇ ಇರಬಹುದು, ಅಥವಾ ಹೊಸ ಯಜಮಾನನೇ "ನಿನ್ನ ಮೇಲೆ ನಂಬಿಕೆ ಇಲ್ಲ" ಅಂತ ಹೊರಗೆ ನಿಲ್ಲಿಸಬಹುದು. ಎರಡೂ ಸಂದರ್ಭದಲ್ಲಿ ನಿಮಗೆ ಕಾಣೋದು ಒಂದೇ: ವೈಫೈ ಇಲ್ಲ. ಚಿಪ್ ಮಾತ್ರ ಆರೋಗ್ಯವಾಗಿಯೇ ಇರುತ್ತದೆ.

ಆದ್ದರಿಂದ ಅಪ್‌ಗ್ರೇಡ್ ಆದ ಕೂಡಲೇ ಏನಾದರೂ ಕೈಕೊಟ್ಟರೆ ಕೇಳಬೇಕಾದ ಪ್ರಶ್ನೆ "ಯಾವ ಭಾಗ ಬದಲಿಸಬೇಕು?" ಅನ್ನೋದಲ್ಲ. "ಸತ್ತಿರೋದು ಭಾಗವಾ, ದುಭಾಷಿಯಾ?" ಅನ್ನೋದು.

ಮೊದಲ ಅರ್ಧ ಗಂಟೆ: ನಾಲ್ಕು ಪರೀಕ್ಷೆ

1. ಶಟ್‌ಡೌನ್ ಅಲ್ಲ, ರೀಸ್ಟಾರ್ಟ್ ಮಾಡಿ. ವಿಂಡೋಸ್‌ನಲ್ಲಿ ಫಾಸ್ಟ್ ಸ್ಟಾರ್ಟಪ್ ಎಂಬ ವ್ಯವಸ್ಥೆ ಇದೆ. ಶಟ್‌ಡೌನ್ ಮಾಡಿದರೂ ಸಿಸ್ಟಮ್‌ನ ಒಳಭಾಗ ಪೂರ್ತಿ ಮಲಗುವುದಿಲ್ಲ, ಡಿಸ್ಕ್‌ನಲ್ಲಿ ಉಳಿದು ಮರುದಿನ ಹಾಗೇ ಎದ್ದು ಬರುತ್ತದೆ. ಹಾಗಾಗಿ ಹಳೆಯ ಗೊಂದಲವೂ ಎದ್ದು ಬರುತ್ತದೆ. ರೀಸ್ಟಾರ್ಟ್‌ನಲ್ಲಿ ಎಲ್ಲವೂ ಹೊಸದಾಗಿ ಶುರುವಾಗುತ್ತದೆ. ಶಿಫ್ಟ್ ಕೀ ಒತ್ತಿಹಿಡಿದು ಶಟ್‌ಡೌನ್ ಮಾಡಿದರೂ ಅದೇ ಫಲ.

2. ಉಳಿದ ವಿದ್ಯುತ್ ಖಾಲಿ ಮಾಡಿ. ಚಾರ್ಜರ್ ತೆಗೆಯಿರಿ. ಬ್ಯಾಟರಿ ಬಿಚ್ಚಲು ಬರುವಂತಿದ್ದರೆ ಅದನ್ನೂ ತೆಗೆದು, ಪವರ್ ಬಟನ್ ಅರ್ಧ ನಿಮಿಷ ಒತ್ತಿಹಿಡಿಯಿರಿ. ಕಾಣೆಯಾಗಿದ್ದ ವೈಫೈ ಕಾರ್ಡ್ ಇಷ್ಟಕ್ಕೇ ವಾಪಸ್ ಬಂದಿದ್ದನ್ನು ನೋಡಿದ್ದೇನೆ.

3. ಬಯೋಸ್‌ಗೆ ಹೋಗಿ ನೋಡಿ. ಆನ್ ಆಗುವಾಗ ಎಫ್2 ಅಥವಾ ಡಿಲೀಟ್ ಒತ್ತಿ (ಕಂಪನಿಯಿಂದ ಕಂಪನಿಗೆ ಕೀ ಬೇರೆ). ಅಲ್ಲಿ ವಿಂಡೋಸ್ ಇನ್ನೂ ಶುರುವಾಗಿರುವುದಿಲ್ಲ. ಕೀಬೋರ್ಡ್ ಅಲ್ಲಿ ಕೆಲಸ ಮಾಡಿ, ವಿಂಡೋಸ್‌ನಲ್ಲಿ ಮಾಡದಿದ್ದರೆ ಕೀಬೋರ್ಡ್ ನಿರಪರಾಧಿ. ಡಿಸ್ಕ್ ಹೆಸರೇ ಅಲ್ಲಿ ಕಾಣದಿದ್ದರೆ ನಿಜವಾಗಿ ಚಿಂತಿಸಬೇಕು.

4. ಪೆನ್‌ಡ್ರೈವ್ ಪರೀಕ್ಷೆ. ಇದು ಎಲ್ಲಕ್ಕಿಂತ ಮುಖ್ಯ. ಉಬುಂಟು ಅಥವಾ ಲಿನಕ್ಸ್ ಮಿಂಟ್ ಅನ್ನು 8 ಜಿಬಿ ಪೆನ್‌ಡ್ರೈವ್‌ಗೆ ಹಾಕಿಕೊಂಡು, ಇನ್‌ಸ್ಟಾಲ್ ಮಾಡದೆ ಬರೀ ಅಲ್ಲಿಂದಲೇ ಓಡಿಸಿ. ಬೂಟ್ ಮೆನುವಿನಿಂದ ಒಂದು ಸಲಕ್ಕೆ ಪೆನ್‌ಡ್ರೈವ್ ಆರಿಸಿದರೆ ಸಾಕು, ನಿಮ್ಮ ಡಿಸ್ಕ್‌ಗೆ ಏನೂ ಆಗೋದಿಲ್ಲ. ವೈಫೈ, ಸೌಂಡ್, ಕ್ಯಾಮೆರಾ, ಟಚ್‌ಪ್ಯಾಡ್ ಅಲ್ಲಿ ಕೆಲಸ ಮಾಡಿದರೆ ಹಾರ್ಡ್‌ವೇರ್ ಸರಿಯಾಗಿದೆ ಎಂದೇ ಅರ್ಥ. ಅಲ್ಲೂ ಮಾಡದಿದ್ದರೆ ಭಾಗದ ಮೇಲೆ ಅನುಮಾನ ಬರುತ್ತದೆ, ಆದರೆ ಅದೂ ಕೊನೆಯ ತೀರ್ಪಲ್ಲ: ಕೆಲವು ಬ್ರಾಡ್‌ಕಾಮ್ ವೈಫೈ ಚಿಪ್‌ಗಳಿಗೆ ಲಿನಕ್ಸ್‌ನಲ್ಲೂ ಬೇರೆ ಡ್ರೈವರ್ ಹಾಕಬೇಕು.

ತಂಗಿಯ ಲ್ಯಾಪ್‌ಟಾಪ್‌ನಲ್ಲಿ ನಾಲ್ಕನೇ ಪರೀಕ್ಷೆಯಲ್ಲಿ ವೈಫೈ, ಟಚ್‌ಪ್ಯಾಡ್ ಎರಡೂ ಎದ್ದು ಕೂತವು. ಮದರ್‌ಬೋರ್ಡ್ ಕಥೆ ಅಲ್ಲಿಗೆ ಮುಗೀತು.

ಡಿವೈಸ್ ಮ್ಯಾನೇಜರ್ ಏನು ಹೇಳುತ್ತೆ?

ಸ್ಟಾರ್ಟ್ ಬಟನ್ ಮೇಲೆ ರೈಟ್ ಕ್ಲಿಕ್ ಮಾಡಿ, ಡಿವೈಸ್ ಮ್ಯಾನೇಜರ್ ತೆರೆಯಿರಿ. ಹಳದಿ ತ್ರಿಕೋನ ಇರುವ ಸಾಲಿನ ಮೇಲೆ ಎರಡು ಸಲ ಒತ್ತಿದರೆ ಒಂದು ಕೋಡ್ ಸಿಗುತ್ತದೆ. ಪದೇ ಪದೇ ಎದುರಾಗುವವು ಇವು:

- ಕೋಡ್ 28: ಡ್ರೈವರೇ ಇಲ್ಲ. ಹಾಕಿದರೆ ಮುಗೀತು.
- ಕೋಡ್ 10: ಡ್ರೈವರ್ ಇದೆ, ಸಾಧನ ಶುರುವಾಗುತ್ತಿಲ್ಲ. ಸಾಮಾನ್ಯವಾಗಿ ತಪ್ಪು ಆವೃತ್ತಿಯ ಡ್ರೈವರ್.
- ಕೋಡ್ 39: ಡ್ರೈವರ್ ಕಡತ ಕೆಟ್ಟಿದೆ ಅಥವಾ ಕಾಣೆಯಾಗಿದೆ. ಅನ್‌ಇನ್‌ಸ್ಟಾಲ್ ಮಾಡಿ ಮತ್ತೆ ಹಾಕಿ.
- ಕೋಡ್ 52: ಡ್ರೈವರ್‌ನ ಡಿಜಿಟಲ್ ಸಹಿ ಪರಿಶೀಲನೆಯಾಗಿಲ್ಲ. ಕಂಪನಿಯ ಹೊಸ ಡ್ರೈವರ್ ಹುಡುಕಿ.
- ಕೋಡ್ 43: ಸಾಧನವೇ "ನನಗೆ ಹುಷಾರಿಲ್ಲ" ಎಂದು ವರದಿ ಮಾಡಿದೆ. ಡ್ರೈವರ್ ಇರಬಹುದು, ಹಾರ್ಡ್‌ವೇರೂ ಇರಬಹುದು. ಪೆನ್‌ಡ್ರೈವ್ ಪರೀಕ್ಷೆ ಇಲ್ಲಿ ಕಡ್ಡಾಯ.

ಡ್ರೈವರ್ ಹುಡುಕುವ ಕ್ರಮ ಹೀಗೆ: ಮೊದಲು ವಿಂಡೋಸ್ ಅಪ್‌ಡೇಟ್‌ನ ಅಡ್ವಾನ್ಸ್ಡ್ ಆಪ್ಷನ್ಸ್ ಒಳಗಿರುವ ಆಪ್ಷನಲ್ ಅಪ್‌ಡೇಟ್ಸ್. ಆಮೇಲೆ ಲ್ಯಾಪ್‌ಟಾಪ್ ಕಂಪನಿಯ ಜಾಲತಾಣದಲ್ಲಿ ನಿಮ್ಮ ಮಾಡೆಲ್ ಪುಟ. ಕೊನೆಗೆ ಚಿಪ್ ತಯಾರಕರ ಪುಟ. "ಎಲ್ಲ ಡ್ರೈವರ್ ಒಂದೇ ಕ್ಲಿಕ್‌ನಲ್ಲಿ" ಅನ್ನುವ ಉಚಿತ ಸಾಫ್ಟ್‌ವೇರ್‌ಗಳ ಹತ್ತಿರ ಹೋಗ್ಬೇಡಿ. ಒಂದು ಡ್ರೈವರ್ ಜೊತೆ ನಾಲ್ಕು ಜಾಹೀರಾತು ಮನೆಗೆ ಬರುತ್ತವೆ.

ಲಕ್ಷಣ ನೋಡಿ ಮದ್ದು

*ವೈಫೈ ಇಲ್ಲ, ಡ್ರೈವರ್ ಇಳಿಸಲು ಇಂಟರ್‌ನೆಟ್ ಬೇಕು.* ಮೊಟ್ಟೆಯೊಳಗೆ ಕೋಳಿ. ಫೋನನ್ನು ಯುಎಸ್‌ಬಿ ಕೇಬಲ್‌ನಿಂದ ಜೋಡಿಸಿ, ಸೆಟ್ಟಿಂಗ್ಸ್‌ನಲ್ಲಿ ಯುಎಸ್‌ಬಿ ಟೆದರಿಂಗ್ ಆನ್ ಮಾಡಿ. ಆಂಡ್ರಾಯ್ಡ್ ಫೋನ್‌ಗೆ ಸಾಮಾನ್ಯವಾಗಿ ಬೇರೆ ಡ್ರೈವರ್ ಬೇಕಾಗುವುದಿಲ್ಲ.

*ಟಚ್‌ಪ್ಯಾಡ್ ಇಲ್ಲ.* ಈಚಿನ ಲ್ಯಾಪ್‌ಟಾಪ್‌ಗಳಲ್ಲಿ ಟಚ್‌ಪ್ಯಾಡ್ ನೇರವಾಗಿ ಮಾತಾಡೋದಿಲ್ಲ, ಚಿಪ್‌ಸೆಟ್‌ನೊಳಗಿನ ಒಂದು ದಾರಿಯ ಮೂಲಕ ಮಾತಾಡುತ್ತದೆ. ಇಂಟೆಲ್‌ನಲ್ಲಿ ಅದಕ್ಕೆ ಸೀರಿಯಲ್ ಐಒ ಅಂತ ಹೆಸರು. ಆ ಡ್ರೈವರ್ ಇಲ್ಲದಿದ್ದರೆ ಟಚ್‌ಪ್ಯಾಡ್ ಡ್ರೈವರ್ ಎಷ್ಟು ಸಲ ಹಾಕಿದರೂ ಪ್ರಯೋಜನವಿಲ್ಲ. ಮೊದಲು ಚಿಪ್‌ಸೆಟ್, ಆಮೇಲೆ ಉಳಿದದ್ದು. ತಂಗಿಯ ಲ್ಯಾಪ್‌ಟಾಪ್‌ನಲ್ಲಿ ಆಗಿದ್ದೂ ಇದೇ. ಚಿಪ್‌ಸೆಟ್ ಮತ್ತು ಸೀರಿಯಲ್ ಐಒ ಹಾಕಿ ರೀಸ್ಟಾರ್ಟ್ ಮಾಡಿದ ಮೇಲೆ ಟಚ್‌ಪ್ಯಾಡ್ ಬಂತು, ಕೋಡ್ 10 ತೋರಿಸುತ್ತಿದ್ದ ವೈಫೈಗೆ ಹೊಸ ಡ್ರೈವರ್ ಹಾಕಿದ ಮೇಲೆ ಅದೂ ಬಂತು.

*ಅಕ್ಷರಗಳು ದಪ್ಪ, ಬೆಳಕು ಕಡಿಮೆ ಮಾಡಲು ಆಗ್ತಿಲ್ಲ.* ಡಿವೈಸ್ ಮ್ಯಾನೇಜರ್‌ನಲ್ಲಿ ಮೈಕ್ರೋಸಾಫ್ಟ್ ಬೇಸಿಕ್ ಡಿಸ್‌ಪ್ಲೇ ಅಡಾಪ್ಟರ್ ಅಂತ ಇದ್ದರೆ ಗ್ರಾಫಿಕ್ಸ್ ಡ್ರೈವರ್ ಇಲ್ಲ ಎಂದರ್ಥ. ಸ್ಕ್ರೀನ್ ಬದಲಿಸಬೇಡಿ.

*ಸೌಂಡ್ ಇಲ್ಲ.* ಡ್ರೈವರ್ ಬದಲಿಸುವಾಗ ಪಟ್ಟಿಯಿಂದ ಹೈ ಡೆಫಿನಿಷನ್ ಆಡಿಯೋ ಡಿವೈಸ್ ಎಂಬ ಸಾಮಾನ್ಯ ಡ್ರೈವರ್ ಆರಿಸಿ ನೋಡಿ. ಕಂಪನಿಯ ಅಲಂಕಾರಗಳು ಹೋಗಬಹುದು, ಸದ್ದು ಬರುತ್ತದೆ.

*ಕ್ಯಾಮೆರಾ ಕಪ್ಪು.* ಮೊದಲು ಕ್ಯಾಮೆರಾ ಮುಂದಿನ ಸಣ್ಣ ಬಾಗಿಲು, ಆಮೇಲೆ ಪ್ರೈವೆಸಿ ಸೆಟ್ಟಿಂಗ್ಸ್, ಆಮೇಲೆ ಡ್ರೈವರ್. ಈ ಕ್ರಮದಲ್ಲೇ ನೋಡಿ, ನಾಚಿಕೆ ತಪ್ಪುತ್ತದೆ.

*ಹಳೆಯ ಪ್ರಿಂಟರ್ ಸತ್ತಿದೆ.* ವಿಂಡೋಸ್ 11ರಲ್ಲಿ 32 ಬಿಟ್ ಆವೃತ್ತಿಯೇ ಇಲ್ಲ. ಹಾಗಾಗಿ 32 ಬಿಟ್ ಡ್ರೈವರ್ ಮಾತ್ರ ಇರುವ ಪ್ರಿಂಟರ್, ಸ್ಕ್ಯಾನರ್‌ಗಳಿಗೆ ಅಲ್ಲಿ ಜಾಗವಿಲ್ಲ. ಆದರೆ ವಿಂಡೋಸ್ 10ರ 64 ಬಿಟ್ ಡ್ರೈವರ್ ಸಿಕ್ಕರೆ ಬಹಳಷ್ಟು ಸಲ 11ರಲ್ಲೂ ನಡೆಯುತ್ತದೆ. ಪ್ರಿಂಟರ್ ಕಂಪನಿಗಳ ಡ್ರೈವರ್‌ಗಳನ್ನು ವಿಂಡೋಸ್ ಅಪ್‌ಡೇಟ್ ಮೂಲಕ ಹಂಚುವುದನ್ನು ಹಂತಹಂತವಾಗಿ ನಿಲ್ಲಿಸುವುದಾಗಿ ಮೈಕ್ರೋಸಾಫ್ಟ್ 2023ರಲ್ಲೇ ಘೋಷಿಸಿದೆ. ಈಗ ಕೆಲಸ ಮಾಡುತ್ತಿರುವ ಡ್ರೈವರ್‌ನ ಒಂದು ಪ್ರತಿ ಪೆನ್‌ಡ್ರೈವ್‌ನಲ್ಲಿ ಇಟ್ಟುಕೊಳ್ಳಿ.

*ಡ್ರೈವರ್ ಹಾಕಿದರೂ ಲೋಡ್ ಆಗ್ತಿಲ್ಲ.* ವಿಂಡೋಸ್ ಸೆಕ್ಯೂರಿಟಿಯ ಕೋರ್ ಐಸೊಲೇಷನ್ ಒಳಗೆ ಮೆಮೊರಿ ಇಂಟೆಗ್ರಿಟಿ ಇದೆ. ಅದು ಆನ್ ಇದ್ದರೆ ಕೆಲವು ಹಳೆಯ ಡ್ರೈವರ್‌ಗಳನ್ನು ಒಳಗೆ ಬಿಡುವುದಿಲ್ಲ. ಪರೀಕ್ಷೆಗೆಂದು ಆಫ್ ಮಾಡಿ ನೋಡಬಹುದು. ಆದರೆ ಅದು ಮನೆಯ ಚಿಲಕ, ಖಾಯಂ ತೆಗೆದಿಡಬೇಡಿ.

*ಬೆರಳಚ್ಚು ಯಂತ್ರ ಓದುತ್ತಿಲ್ಲ.* ಸೇವಾ ಕೇಂದ್ರ ನಡೆಸುವವರಿಗೆ ಇದು ಹೊಟ್ಟೆಪಾಡಿನ ಪ್ರಶ್ನೆ. ಆಧಾರ್ ದೃಢೀಕರಣದ ಯಂತ್ರಕ್ಕೆ ಡ್ರೈವರ್ ಒಂದೇ ಸಾಲದು, ಜೊತೆಗೆ ಆರ್‌ಡಿ ಸರ್ವಿಸ್ ಎಂಬ ಸಾಫ್ಟ್‌ವೇರೂ ಓಡುತ್ತಿರಬೇಕು. ಎರಡನ್ನೂ ತೆಗೆದು, ಯಂತ್ರದ ಕಂಪನಿಯಿಂದ ಹೊಸ ಆವೃತ್ತಿ ಇಳಿಸಿ, ಡ್ರೈವರ್ ಮೊದಲು, ಸರ್ವಿಸ್ ಆಮೇಲೆ ಹಾಕಿ.

*ಕನ್ನಡ ಫೈಲ್ ತೆರೆದರೆ ಇಂಗ್ಲಿಷ್ ಚಿತ್ತಾರ.* ಇದು ಹಾರ್ಡ್‌ವೇರ್ ಅಲ್ಲ, ಆದರೆ ಕನ್ನಡಿಗರಿಗೆ ಮೊದಲು ಗಾಬರಿ ಹುಟ್ಟಿಸೋದು ಇದೇ. ಫೈಲ್ ಕೆಟ್ಟಿಲ್ಲ. ಹಳೆಯ ನುಡಿ, ಬರಹ ಫಾಂಟ್‌ಗಳಲ್ಲಿ ಟೈಪ್ ಮಾಡಿದ ಕಡತಕ್ಕೆ ಆ ಫಾಂಟ್ ಮತ್ತೆ ಹಾಕಬೇಕು. ವಿಂಡೋಸ್‌ನ ಹಳೆಯ ತುಂಗಾ ಫಾಂಟ್ ಕಾಣದಿದ್ದರೆ ಆಪ್ಷನಲ್ ಫೀಚರ್ಸ್‌ನಲ್ಲಿ ಕನ್ನಡ ಸಪ್ಲಿಮೆಂಟಲ್ ಫಾಂಟ್ಸ್ ಸೇರಿಸಿ, ಬರುತ್ತದೆ.

ನಿಜವಾಗಿಯೂ ಹಾರ್ಡ್‌ವೇರ್ ಹೋಗಿರಬಹುದಾ?

ಹೋಗಿರಬಹುದು. ಅದರಲ್ಲೂ ನಮ್ಮ ಕಡೆ. ಸಕಲೇಶಪುರ, ಆಲೂರಿನ ಗುಡ್ಡಗಳಲ್ಲಿ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಬಟ್ಟೆ ಒಣಗುವುದಿಲ್ಲ, ಚಪ್ಪಲಿಗೆ ಬೂಷ್ಟು ಹಿಡಿಯುತ್ತದೆ. ಅದೇ ಗಾಳಿ ಕಂಪ್ಯೂಟರ್ ಒಳಗೂ ಇರುತ್ತದೆ. ಅಪ್‌ಗ್ರೇಡ್ ಅಂದರೆ ಡಿಸ್ಕ್ ಮತ್ತು ರ‍್ಯಾಮ್‌ಗೆ ಗಂಟೆಗಟ್ಟಲೆ ಕೆಲಸ. ಮೊದಲೇ ಕುಂಟುತ್ತಿದ್ದ ಭಾಗ ಆ ಹೊತ್ತಲ್ಲಿ ಬಿದ್ದುಹೋದರೆ, ಬೈಗುಳ ಅಪ್‌ಗ್ರೇಡ್‌ಗೆ ಬೀಳುತ್ತದೆ.

ಹಾಗಾಗಿ ಇವನ್ನೂ ನೋಡಿ. ಬೀಪ್ ಶಬ್ದ ಬರುತ್ತಿದ್ದರೆ, ಆಗಾಗ ನೀಲಿ ಪರದೆ ಬರುತ್ತಿದ್ದರೆ, ಕರೆಂಟ್ ಪೂರ್ತಿ ತೆಗೆದು ರ‍್ಯಾಮ್ ಬಿಚ್ಚಿ, ಅದರ ಚಿನ್ನದ ಬಣ್ಣದ ಅಂಚನ್ನು ಪೆನ್ಸಿಲ್ ರಬ್ಬರ್‌ನಿಂದ ಮೆಲ್ಲಗೆ ಉಜ್ಜಿ, ಪುಡಿ ಒರೆಸಿ ಮತ್ತೆ ಕೂರಿಸಿ. ಆಮೇಲೆ ವಿಂಡೋಸ್ ಮೆಮೊರಿ ಡಯಗ್ನಾಸ್ಟಿಕ್ ಓಡಿಸಿ, ಅದು ಸಿಸ್ಟಮ್‌ನಲ್ಲೇ ಇದೆ. ಡಿಸ್ಕ್‌ನ ಆರೋಗ್ಯಕ್ಕೆ ಕ್ರಿಸ್ಟಲ್ ಡಿಸ್ಕ್ ಇನ್ಫೋ ಎಂಬ ಉಚಿತ ಸಾಧನವಿದೆ. ಅದು "ಕಾಷನ್" ಅಥವಾ "ಬ್ಯಾಡ್" ಅಂದರೆ ಮೊದಲು ಫೈಲುಗಳನ್ನು ಬೇರೆ ಕಡೆ ಉಳಿಸಿ, ರಿಪೇರಿ ಆಮೇಲೆ. ಮುಂಗಾರು ಮುಂಚಿನ ಗುಡುಗು ಮಳೆಯಲ್ಲಿ ಸುಟ್ಟ ನೆಟ್‌ವರ್ಕ್ ಪೋರ್ಟ್‌ಗೆ ಮಾತ್ರ ಯಾವ ಡ್ರೈವರೂ ಜೀವ ಕೊಡೋದಿಲ್ಲ.

ಅಪ್‌ಗ್ರೇಡ್‌ಗೆ ಮುಂಚೆ, ಮತ್ತು ವಾಪಸ್ ಬರುವ ದಾರಿ

ಇನ್ನೂ ಅಪ್‌ಗ್ರೇಡ್ ಮಾಡದವರು ಐದು ಕೆಲಸ ಮಾಡಿ. ಫೈಲುಗಳ ಪ್ರತಿ ಇಟ್ಟುಕೊಳ್ಳಿ. ವೈಫೈ ಮತ್ತು ಚಿಪ್‌ಸೆಟ್ ಡ್ರೈವರ್‌ಗಳನ್ನು ಮೊದಲೇ ಪೆನ್‌ಡ್ರೈವ್‌ಗೆ ಇಳಿಸಿ. ಬಿಟ್‌ಲಾಕರ್ ಅಥವಾ ಡಿವೈಸ್ ಎನ್‌ಕ್ರಿಪ್ಷನ್ ಆನ್ ಇದ್ದರೆ ಅದರ 48 ಅಂಕಿಯ ರಿಕವರಿ ಕೀ ಕಾಗದದಲ್ಲಿ ಬರೆದಿಡಿ. ಅದಿಲ್ಲದಿದ್ದರೆ ಡಿಸ್ಕ್ ಸರಿಯಿದ್ದರೂ ಒಳಗಿನದ್ದು ನಿಮಗೆ ಸಿಗೋದಿಲ್ಲ. ಕರೆಂಟ್ ನಂಬಬೇಡಿ, ಬ್ಯಾಟರಿ ಅಥವಾ ಯುಪಿಎಸ್ ಇರಲಿ. ನೆಟ್‌ವರ್ಕ್ ಹೋಗಿಬರುವ ಜಾಗದಲ್ಲಿ ಹಲವು ಜಿಬಿ ಇಳಿಸುತ್ತಾ ಕೂರುವ ಬದಲು, ಪೇಟೆಯಲ್ಲಿ ಪೆನ್‌ಡ್ರೈವ್ ತಯಾರಿಸಿಕೊಂಡು ಬನ್ನಿ.

ಅಪ್‌ಗ್ರೇಡ್ ಆಗಿ ಹತ್ತು ದಿನದೊಳಗಿದ್ದರೆ ಸೆಟ್ಟಿಂಗ್ಸ್‌ನ ಸಿಸ್ಟಮ್, ರಿಕವರಿ ಒಳಗೆ "ಗೋ ಬ್ಯಾಕ್" ಇರುತ್ತದೆ. ಹಳೆಯ ಸಿಸ್ಟಮ್ ಹಾಗೇ ವಾಪಸ್ ಬರುತ್ತದೆ. ಜಾಗ ಉಳಿಸಲು ವಿಂಡೋಸ್ ಓಲ್ಡ್ ಎಂಬ ಫೋಲ್ಡರ್ ಅಳಿಸಿದರೆ ಈ ದಾರಿ ಮುಚ್ಚುತ್ತದೆ. ಒಂದೇ ಡ್ರೈವರ್ ತೊಂದರೆ ಕೊಡುತ್ತಿದ್ದರೆ ಇಡೀ ಸಿಸ್ಟಮ್ ಹಿಂದಕ್ಕೆ ಒಯ್ಯಬೇಕಿಲ್ಲ. ಅದರ ಪ್ರಾಪರ್ಟೀಸ್‌ನಲ್ಲಿ ರೋಲ್ ಬ್ಯಾಕ್ ಡ್ರೈವರ್ ಇದೆ.

ಅನರ್ಹ ಎಂದು ತೀರ್ಪಾದ ಕಂಪ್ಯೂಟರ್‌ಗೆ

ಮೂರು ದಾರಿ ಇದೆ. ಒಂದು, ವಿಂಡೋಸ್ 10ರಲ್ಲೇ ಇದ್ದು ವಿಸ್ತರಿತ ಸುರಕ್ಷತಾ ಅಪ್‌ಡೇಟ್‌ಗೆ ಹೆಸರು ನೋಂದಾಯಿಸುವುದು. ಇದು 2026ರ ಅಕ್ಟೋಬರ್ 13ರವರೆಗೆ. ಮೈಕ್ರೋಸಾಫ್ಟ್ ಖಾತೆಗೆ ಸೆಟ್ಟಿಂಗ್ಸ್ ಸಿಂಕ್ ಮಾಡಿದರೆ ಹಣ ಕೊಡಬೇಕಿಲ್ಲ. ಇಲ್ಲವಾದರೆ 1,000 ರಿವಾರ್ಡ್ಸ್ ಅಂಕ, ಅಥವಾ 30 ಡಾಲರ್.

ಎರಡು, ಲಿನಕ್ಸ್. ಬರೆಯಲು, ಓದಲು, ಇಂಟರ್‌ನೆಟ್‌ಗೆ ಧಾರಾಳ ಸಾಕು. ಕಗಪ ಕೀಲಿಮಣೆಯೂ ಸಿಗುತ್ತದೆ. ನಮ್ಮ ಪಕ್ಕದ ಕೇರಳದ ಸರ್ಕಾರಿ ಶಾಲೆಗಳಲ್ಲಿ ಕೈಟ್ ಸಂಸ್ಥೆ ಉಬುಂಟು ಆಧಾರಿತ ಸ್ವಂತ ಆವೃತ್ತಿ ಹಾಕಿದೆ. ಕಾಸರಗೋಡಿನ ಕನ್ನಡ ಮಾಧ್ಯಮದ ಮಕ್ಕಳೂ ಅದರಲ್ಲೇ ಕಂಪ್ಯೂಟರ್ ಕಲಿಯುತ್ತಾರೆ.

ಮೂರು, ಪರೀಕ್ಷೆ ತಪ್ಪಿಸಿ ವಿಂಡೋಸ್ 11 ಹಾಕುವ ಕಳ್ಳದಾರಿ. ಯೂಟ್ಯೂಬ್ ತುಂಬಾ ಇದೆ. 2024ರ 24ಎಚ್2 ಆವೃತ್ತಿ ಬಂದಾಗ, ಕೆಲವು ಪ್ರೊಸೆಸರ್ ಸೂಚನೆಗಳಿಲ್ಲದ ತೀರಾ ಹಳೆಯ ಯಂತ್ರಗಳು ಬೂಟ್ ಆಗುವುದನ್ನೇ ನಿಲ್ಲಿಸಿದವು. ಹೊಟ್ಟೆಪಾಡಿನ ಕಂಪ್ಯೂಟರ್‌ನಲ್ಲಿ ಈ ಪ್ರಯೋಗ ಬೇಡ.

ತೀರ್ಮಾನ ಮಾಡಿದ್ದು ಯಾರು, ಬಿಲ್ ಕಟ್ಟುವವರು ಯಾರು?

"ಲಿನಕ್ಸ್ ಹಾಕ್ಕೊಳ್ಳಿ" ಅನ್ನೋದು ಬೆಂಗಳೂರಲ್ಲಿ ಕೂತು ಹೇಳೋಕೆ ಸುಲಭ. ಆದರೆ ಯಸಳೂರಿನಲ್ಲೋ ಪಾಳ್ಯದಲ್ಲೋ ಸೇವಾ ಕೇಂದ್ರ ನಡೆಸುವ ಹುಡುಗಿಗೆ ಆ ಆಯ್ಕೆ ಇಲ್ಲ. ಬೆರಳಚ್ಚು ಯಂತ್ರಗಳ ಆರ್‌ಡಿ ಸರ್ವಿಸ್ ಬಹುಪಾಲು ವಿಂಡೋಸ್ ಮತ್ತು ಆಂಡ್ರಾಯ್ಡ್‌ಗೆ ಮಾತ್ರ. ಪಹಣಿ, ಪಿಂಚಣಿ, ಜಾತಿ ಪ್ರಮಾಣಪತ್ರ ಎಲ್ಲವೂ ಕಂಪ್ಯೂಟರ್ ಮೂಲಕವೇ ಬರಬೇಕೆಂದು ಸರ್ಕಾರ ತೀರ್ಮಾನಿಸಿತು. ಆ ಕಂಪ್ಯೂಟರ್ ಎಷ್ಟು ವರ್ಷ ಬದುಕಬೇಕೆಂದು ಅಮೆರಿಕದ ಕಂಪನಿ ತೀರ್ಮಾನಿಸಿತು. ದುಡ್ಡು ಮಾತ್ರ ಆ ಹುಡುಗಿಯದ್ದು.

ಯುರೋಪಿನಲ್ಲಿ 2025ರ ಜೂನ್ 20ರಿಂದ ಹೊಸ ನಿಯಮ ಬಂದಿದೆ: ಸ್ಮಾರ್ಟ್‌ಫೋನ್, ಟ್ಯಾಬ್ಲೆಟ್ ಮಾಡೆಲ್ ಒಂದರ ಮಾರಾಟ ಮುಗಿದ ಮೇಲೂ ಕನಿಷ್ಠ ಐದು ವರ್ಷ ಆಪರೇಟಿಂಗ್ ಸಿಸ್ಟಮ್ ಅಪ್‌ಡೇಟ್ ಕೊಡಬೇಕು. ಕಂಪ್ಯೂಟರ್ ಅದರಲ್ಲೂ ಸೇರಿಲ್ಲ. ನಮ್ಮಲ್ಲಿ ಕೇಂದ್ರದ ಗ್ರಾಹಕ ವ್ಯವಹಾರಗಳ ಇಲಾಖೆ 2022ರ ಡಿಸೆಂಬರ್‌ನಲ್ಲಿ ರಿಪೇರಿ ಹಕ್ಕಿನ ಪೋರ್ಟಲ್ ತೆರೆಯಿತು. 2023ರ ಏಪ್ರಿಲ್ 1ರಿಂದ ಹೊಸ ಇ-ತ್ಯಾಜ್ಯ ನಿಯಮಗಳು ಜಾರಿಯಲ್ಲಿವೆ. ಅವು ಹೊಣೆ ಹೊರಿಸುವುದು ಉಪಕರಣ ತಯಾರಕರ ಮೇಲೆ. ಚೆನ್ನಾಗಿರುವ ಉಪಕರಣವನ್ನು ಒಂದು ಸಾಫ್ಟ್‌ವೇರ್ ತೀರ್ಮಾನ ಕಸವಾಗಿಸಿದರೆ ಯಾರನ್ನು ಕೇಳಬೇಕು? ರಿಪೇರಿ ಹಕ್ಕಿನ ಚರ್ಚೆ ಸ್ಕ್ರೂ, ಸ್ಪೇರ್ ಪಾರ್ಟ್‌ಗಳಲ್ಲೇ ನಿಂತರೆ ಸಾಲದು. ಸರ್ಕಾರ ತಾನು ಕಡ್ಡಾಯ ಮಾಡಿದ ಯಂತ್ರಗಳ ಡ್ರೈವರ್‌ಗಳನ್ನಾದರೂ ಒಂದಕ್ಕಿಂತ ಹೆಚ್ಚು ಆಪರೇಟಿಂಗ್ ಸಿಸ್ಟಮ್‌ಗೆ ಕೊಡಿಸಬೇಕು. ಟೆಂಡರ್‌ನಲ್ಲಿ ಒಂದು ಸಾಲು ಬರೆದರೆ ಆಗುವ ಕೆಲಸ ಇದು.

ಅಂಗಡಿಯ ಹುಡುಗನ ಮೇಲೆ ನನಗೆ ಸಿಟ್ಟಿಲ್ಲ. ಅವನಿಗೆ ಭಾಗ ಬದಲಿಸಲು ಕಲಿಸಿದ್ದಾರೆ, ಪರೀಕ್ಷಿಸಲು ಯಾರೂ ಕಲಿಸಿಲ್ಲ. ಭಾಗ ಮಾರಿದರೆ ದುಡ್ಡು, ಪರೀಕ್ಷೆಗೆ ಯಾರೂ ದುಡ್ಡು ಕೊಡೋದಿಲ್ಲ. ನಾನು ಬೆಂಗಳೂರಿಗೆ ಹೊರಡುವ ದಿನ ತಂಗಿ ಆ ಪೆನ್‌ಡ್ರೈವ್ ತನಗೇ ಬೇಕು ಅಂತ ಇಟ್ಟುಕೊಂಡಳು. ಕಾಲೇಜಲ್ಲಿ ಇನ್ನೂ ಮೂರು ಜನರ ಲ್ಯಾಪ್‌ಟಾಪ್‌ನ "ಮದರ್‌ಬೋರ್ಡ್ ಹೋಗಿದೆ"ಯಂತೆ.